ಆಣೆಗಿಂತ ಮೊದಲು ಆರೈಕೆ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಶ್ರಾವಣ ಬಂದಿತೆಂದರೆ ಮಠಕ್ಕೆ ಆಣೆ ಮಾಡಲು ಬರುವವರ ಸಂಖ್ಯೆ ಹೆಚ್ಚುತ್ತದೆ. ತಾಯಿ ಮಗನ ರಟ್ಟೆ ಹಿಡಿದುಕೊಂಡು ಬರುತ್ತಾಳೆ, ಹೆಂಡತಿ ಗಂಡನನ್ನು ಮುಂದೆ ಮಾಡಿಕೊಂಡು ಬರುತ್ತಾಳೆ. “ಅಜ್ಜಾರ, ಇವನ ಕೈಯಾಗ ವಿಭೂತಿ ಕೊಟ್ಟು ಆಣಿ ಮಾಡಸ್ರಿ. ಇವತ್ತಿನಿಂದ ಒಂದ ಹನಿ ಮುಟ್ಟಬಾರದು” ಎಂದು ಕಣ್ಣೀರು ಹಾಕುತ್ತಾರೆ. ಅವರ ನಂಬಿಗೆ ದೊಡ್ಡದು. ಆದರೆ ನಾವು ಅಂಥವರಿಗೆ ಮೊದಲು ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಮುಂಜಾನೆ ಎದ್ದೊಡನೆ ಕೈ ನಡುಗಿ, ಕುಡಿದ ಮೇಲೆಯೇ ಆ ನಡುಕ ನಿಲ್ಲುತ್ತದೆಯೆ? ಹಿಂದೆ ಎಂದಾದರೂ ಕುಡಿತ ಬಿಟ್ಟಾಗ ಮೂರ್ಛೆ ಬಂದಿತ್ತೆ, ಇಲ್ಲದ್ದು ಕಂಡು ಬಡಬಡಿಸಿದ್ದನೆ? ದಿನವೂ ಹೊತ್ತುಗೊತ್ತಿಲ್ಲದೆ ಕುಡಿಯುತ್ತಾನೆಯೆ? ಈ ಮೂರರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ನಾವು ವಿಭೂತಿ ಕೊಡುತ್ತೇವೆ, ತಲೆಯ ಮೇಲೆ ಕೈಯಿಟ್ಟು ಹರಸುತ್ತೇವೆ. ಆಣೆಯನ್ನು ಮಾತ್ರ ಅಂದು ಮಾಡಿಸುವುದಿಲ್ಲ. “ಮೊದಲು ಆಸ್ಪತ್ರೆಗೆ ಹೋಗಿ ಇದ್ದು ಬಾ, ಆಮೇಲೆ ಆಣೆ” ಎನ್ನುತ್ತೇವೆ.

ಇದರಿಂದ ಕೆಲವರಿಗೆ ಬೇಸರವಾಗಿದೆ. ಕುಡಿತ ಬಿಡಿಸಬೇಕಾದ ಮಠವೇ ಆಣೆ ಬೇಡವೆಂದರೆ ಹೇಗೆ ಎಂದು ಕೇಳಿದವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಕೊಡುವುದಕ್ಕಾಗಿಯೇ ಇಂದಿನ ಮಾತು.

ವ್ಯಸನ ಎಂಬ ಶಬ್ದವನ್ನೇ ಮೊದಲು ನೋಡೋಣ. ವಿ ಎಂಬ ಉಪಸರ್ಗ, ಎಸೆ ಎಂಬ ಅರ್ಥದ ಅಸ್ ಎಂಬ ಧಾತು, ಇವೆರಡೂ ಸೇರಿ ಈ ಶಬ್ದವಾಗಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರ ಎಸೆಯುವುದರಿಂದ ಅದಕ್ಕೆ ವ್ಯಸನವೆಂಬ ಹೆಸರು ಬಂದಿತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿದ್ದಾನೆ. ಎಸೆಯಲ್ಪಟ್ಟವನು ಎಲ್ಲಿಯೋ ಬಿದ್ದಿರುತ್ತಾನೆ. ಬಿದ್ದವನ ಕಾಲು ಮುರಿದಿದೆಯೆಂದು ತಿಳಿಯಿರಿ. ದಡದ ಮೇಲೆ ನಿಂತು “ಏಳು, ಗಂಡಸಾಗಿದ್ದರೆ ನಡೆದು ಬಾ” ಎಂದು ಕೂಗಿದರೆ ಅವನು ಬರಬಲ್ಲನೆ? ಹೊತ್ತು ತರಬೇಕು, ಮುರಿದ ಎಲುಬನ್ನು ಕಟ್ಟಬೇಕು, ಅದು ಕೂಡುವವರೆಗೆ ಕಾಯಬೇಕು. ನಡೆಯುವ ಮಾತು ಆಮೇಲಿನದು. ಆಣೆಯೆಂಬುದು ನಡೆಯುವ ಮಾತು. ಆಸ್ಪತ್ರೆಯೆಂಬುದು ಎಲುಬು ಕಟ್ಟುವ ಮನೆ.

ಇದು ಉಪಮೆಯಾಯಿತು. ಈಗ ಸಂಗತಿಯನ್ನೇ ಹೇಳುತ್ತೇವೆ. ನೀವು ಹಬ್ಬಗಳಲ್ಲಿ ಹಗ್ಗ ಜಗ್ಗಾಟ ನೋಡಿದ್ದೀರಿ. ಎರಡೂ ಕಡೆಯವರು ಸಮಬಲದಿಂದ ಜಗ್ಗುವಾಗ ಹಗ್ಗ ಅಲುಗಾಡದೆ ನಿಂತಿರುತ್ತದೆ. ಒಂದು ಕಡೆಯವರು ಒಮ್ಮೆಲೆ ಕೈಬಿಟ್ಟರೆ ಏನಾಗುತ್ತದೆ? ಇನ್ನೊಂದು ಕಡೆಯವರೆಲ್ಲ ಮೇಲಿಂದ ಮೇಲೆ ಬಿದ್ದು ಮೈಕೈ ಮುರಿದುಕೊಳ್ಳುತ್ತಾರೆ. ಮದ್ಯವು ಮೆದುಳನ್ನು ಮಂಕಿನ ಕಡೆಗೆ ಜಗ್ಗುವ ವಸ್ತು. ವರ್ಷಾನುಗಟ್ಟಲೆ ದಿನವೂ ಅದು ಹಾಗೆ ಜಗ್ಗುತ್ತಿದ್ದರೆ, ಮೆದುಳು ಎಚ್ಚರದಲ್ಲಿ ಉಳಿಯುವುದಕ್ಕಾಗಿ ತಾನೂ ಎದುರು ಕಡೆಗೆ ಬಲವಾಗಿ ಜಗ್ಗುವುದನ್ನು ಕಲಿಯುತ್ತದೆ. ಹೀಗಿರುವಾಗ ಒಂದು ದಿನ ಥಟ್ಟನೆ ಕುಡಿತ ನಿಂತಿತೆಂದರೆ ಮದ್ಯದ ಕಡೆಯ ಕೈ ಬಿಟ್ಟಿತು. ಮೆದುಳು ಮಾತ್ರ ಜಗ್ಗುತ್ತಲೇ ಇದೆ. ಆಗ ಬರುವ ಬಾಧೆಯನ್ನೇ ವೈದ್ಯರು ಹಿಂತೆಗೆತದ ಲಕ್ಷಣಗಳೆಂದು ಕರೆಯುತ್ತಾರೆ.

ಕೊನೆಯ ಸಲ ಕುಡಿದು ಆರೆಂಟು ತಾಸುಗಳಾಗುವಷ್ಟರಲ್ಲಿ ಕೈನಡುಕ, ಬೆವರು, ವಾಂತಿ, ಎದೆಬಡಿತ ಪ್ರಾರಂಭವಾಗುತ್ತವೆ. ನಿದ್ರೆ ಹತ್ತುವುದಿಲ್ಲ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಮೂರ್ಛೆ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ಒಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಮೈ ಕಾಯುತ್ತದೆ, ನಾಡಿ ಓಡುತ್ತದೆ, ದಿನ ಯಾವುದು ಊರು ಯಾವುದು ಎಂಬ ಅರಿವಿರುವುದಿಲ್ಲ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಹೆಂಡತಿ ಮಕ್ಕಳ ಗುರುತು ಹತ್ತುವುದಿಲ್ಲ. ಹಳ್ಳಿಯಲ್ಲಿ ಇದನ್ನು ಗಾಳಿ ಬಡಿಯಿತೆನ್ನುತ್ತಾರೆ; ಬೇವಿನ ಸೊಪ್ಪು ತರುತ್ತಾರೆ, ಹಗ್ಗ ತರುತ್ತಾರೆ. ಅದು ಗಾಳಿಯಲ್ಲ, ರೋಗ. ತಕ್ಕ ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಈ ಸನ್ನಿಯಿಂದ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದುದುಂಟು. ಇಂದು ಸಕಾಲದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಸಾಯುವವರು ನೂರಕ್ಕೆ ಐವರಿಗಿಂತಲೂ ಕಡಿಮೆ. ಈ ಅಂತರವನ್ನು ನೀವು ಮನಸ್ಸಿನಲ್ಲಿಡಬೇಕು.

ಅತಿಯಾಗಿ ಕುಡಿದದ್ದರಿಂದಲೋ, ಊಟ ಬಿಟ್ಟದ್ದರಿಂದಲೋ ಹೀಗಾಗಿರಬೇಕು, ಕುಡಿತ ಬಿಟ್ಟದ್ದರಿಂದ ಎಂಥ ಅಪಾಯ ಎಂದು ಹಿಂದೆ ವೈದ್ಯರಲ್ಲಿಯೂ ವಾದವಿತ್ತು. ಅಮೆರಿಕದ ಲೆಕ್ಸಿಂಗ್ಟನ್ ನಗರದಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೫೫ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕೆಲವರಿಗೆ ಹೊಟ್ಟೆತುಂಬ ಊಟವನ್ನೂ ಜೀವಸತ್ವಗಳನ್ನೂ ಕೊಡುತ್ತಲೇ ವಾರಗಟ್ಟಲೆ ಮದ್ಯ ಕುಡಿಸಿ, ಆಮೇಲೆ ಒಮ್ಮೆಲೆ ನಿಲ್ಲಿಸಿ ನೋಡಿದರು. ಬಹಳ ದಿನ ಕುಡಿದವರಲ್ಲಿ ಕೆಲವರಿಗೆ ಮೂರ್ಛೆ ಬಂದಿತು, ಕೆಲವರಿಗೆ ಸನ್ನಿ ಹಿಡಿಯಿತು. ಇಂದು ಅಂಥ ಪ್ರಯೋಗವನ್ನು ಯಾರೂ ಒಪ್ಪಲಾರರು. ಆದರೆ ಥಟ್ಟನೆ ನಿಲ್ಲಿಸುವುದರಲ್ಲಿಯೇ ಅಪಾಯವಿದೆಯೆಂಬುದು ಅದರಿಂದ ನಿಶ್ಚಯವಾಯಿತು.

ನಮ್ಮ ಪ್ರಾಚೀನರಿಗೆ ಇದರ ಸುಳಿವು ಇತ್ತು. ರೂಢಿಯಾದುದನ್ನು ಸಹಸಾ ಬಿಡುವುದರಿಂದಲೂ ರೂಢಿಯಿಲ್ಲದುದನ್ನು ಸಹಸಾ ಹಿಡಿಯುವುದರಿಂದಲೂ ರೋಗಗಳು ಹುಟ್ಟುತ್ತವೆಂದು ವಾಗ್ಭಟನು ಋತುಚರ್ಯೆಯ ಪ್ರಕರಣದಲ್ಲಿ ಎಚ್ಚರಿಸಿದ್ದಾನೆ. ಅಹಿತವಾದ ರೂಢಿಯನ್ನು ಪಾದಪಾದವಾಗಿ, ಕ್ರಮದಿಂದ ಬಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿದೆ. ಅದೇ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ೨೪ನೆಯ ಅಧ್ಯಾಯವೆಲ್ಲ ಮದಾತ್ಯಯ ಚಿಕಿತ್ಸೆಗೆ, ಎಂದರೆ ಕುಡಿತದಿಂದಾದ ರೋಗಗಳ ಚಿಕಿತ್ಸೆಗೆ ಮೀಸಲಾಗಿದೆ. ಕುಡುಕನನ್ನು ಶಿಕ್ಷೆಗೆ ಮಾತ್ರ ಗುರಿಮಾಡದೆ, ಅವನಿಗಾಗಿ ಚಿಕಿತ್ಸೆಯ ಒಂದು ಅಧ್ಯಾಯವನ್ನೇ ಬರೆದ ಪರಂಪರೆ ನಮ್ಮದು. ಆದರೆ ಇದನ್ನು ಕೇಳಿ “ಹಾಗಾದರೆ ದಿನಕ್ಕಿಷ್ಟು ಕಡಿಮೆ ಮಾಡುತ್ತ ಮನೆಯಲ್ಲಿಯೇ ಕುಡಿಯುತ್ತೇನೆ” ಎಂದು ಯಾರೂ ನೆವ ಹುಡುಕಬಾರದು. ಕಟ್ಟು ಹರಿದ ಎತ್ತು ತಾನಾಗಿ ಹಗ್ಗ ಹಿಡಿದುಕೊಂಡು ಗೋದಲಿಗೆ ಬರುವುದುಂಟೆ? ಪಾದಪಾದವಾಗಿ ಇಳಿಸುವ ಕೆಲಸ ವೈದ್ಯನದು, ಇಳಿಸುವುದೂ ಔಷಧದ ಪ್ರಮಾಣವನ್ನು.

ಹಾಗಾದರೆ ಆಸ್ಪತ್ರೆಯಲ್ಲಿ ಮಾಡುವುದೇನು? ಅಲ್ಲಿ ಕಟ್ಟಿಹಾಕುತ್ತಾರೆ, ಕರೆಂಟು ಕೊಡುತ್ತಾರೆ ಎಂಬ ಭಯ ಜನರಲ್ಲಿದೆ. ನಾವು ಅಂಥ ವಾರ್ಡುಗಳಿಗೆ ಹೋಗಿ ರೋಗಿಗಳೊಡನೆ ಕುಳಿತು ಮಾತಾಡಿದ್ದೇವೆ. ಮೊದಲು ಎಷ್ಟು ವರ್ಷದಿಂದ, ದಿನಕ್ಕೆಷ್ಟು, ಕೊನೆಗೆ ಯಾವಾಗ ಕುಡಿದದ್ದು ಎಂದು ಕೇಳುತ್ತಾರೆ. ರಕ್ತ ಪರೀಕ್ಷಿಸಿ ಯಕೃತ್ತು, ಸಕ್ಕರೆ, ಲವಣಾಂಶಗಳನ್ನು ನೋಡುತ್ತಾರೆ. ನಡುಕ, ಬೆವರು, ತಳಮಳ, ವಾಂತಿ ಮೊದಲಾದ ಹತ್ತು ಲಕ್ಷಣಗಳಿಗೆ ಅಂಕ ಹಾಕುವ ಪದ್ಧತಿಯಿದೆ. ದಾದಿಯರು ಕೆಲವು ತಾಸಿಗೊಮ್ಮೆ ಬಂದು ನೋಡಿ ಅಂಕ ಬರೆಯುತ್ತಾರೆ. ಆ ಅಂಕವನ್ನು ನೋಡಿ ಕ್ಲೋರ್‌ಡಯಾಜಿಪಾಕ್ಸೈಡ್, ಡಯಾಜಿಪಾಮ್, ಯಕೃತ್ತು ಕೆಟ್ಟವರಿಗೆ ಲೊರಾಜಿಪಾಮ್ ಎಂಬ ಔಷಧಗಳನ್ನು ಕೊಡುತ್ತಾರೆ. ಇವು ಹಗ್ಗದ ಬಿಟ್ಟ ತುದಿಯನ್ನು ಹಿಡಿಯುವ ಕೈಗಳಿದ್ದಂತೆ. ದಿನದಿನಕ್ಕೆ ಹಿಡಿತವನ್ನು ಸಡಿಲಿಸುತ್ತ, ಸಾಮಾನ್ಯವಾಗಿ ಐದಾರು ದಿನದಿಂದ ಒಂದು ವಾರದೊಳಗೆ ಪೂರ್ತಿ ನಿಲ್ಲಿಸುತ್ತಾರೆ. ಈ ಮಾತ್ರೆಗಳೂ ರೂಢಿಯಾಗಬಲ್ಲವು. ಆದ್ದರಿಂದ ಅಂಗಡಿಯಿಂದ ತಾವೇ ತಂದು ನುಂಗಬಾರದು. ಅವನ್ನು ಮದ್ಯದೊಡನೆ ತೆಗೆದುಕೊಂಡರೆ ಉಸಿರೇ ನಿಂತೀತು.

ಇನ್ನೊಂದು ಸಂಗತಿಯನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಬಹಳ ಕಾಲ ಕುಡಿದವನ ದೇಹದಲ್ಲಿ ಥಯಾಮಿನ್ ಎಂಬ ಜೀವಸತ್ವ ಬರಿದಾಗಿರುತ್ತದೆ. ಅದು ತೀರ ಕಡಿಮೆಯಾದರೆ ಕಣ್ಣುಗುಡ್ಡೆ ಸರಿಯಾಗಿ ಹೊರಳುವುದಿಲ್ಲ, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಜರ್ಮನಿಯ ಕಾರ್ಲ್ ವೆರ್ನಿಕೆ ಎಂಬ ವೈದ್ಯರು ೧೮೮೧ರಲ್ಲಿ ಈ ರೋಗವನ್ನು ವರ್ಣಿಸಿದರು. ಅಲಕ್ಷಿಸಿದರೆ ಹೊಸ ನೆನಪು ನಿಲ್ಲದಂತಾಗಿ, ಮುಂಜಾನೆ ಉಂಡದ್ದು ಮಧ್ಯಾಹ್ನಕ್ಕೆ ಮರೆತುಹೋಗುವ ಸ್ಥಿತಿ ಬರುತ್ತದೆ. ಆ ನೆನಪು ಮತ್ತೆ ಬರುವುದು ಕಷ್ಟ. ನಮ್ಮಲ್ಲಿ ಮನುಷ್ಯ ನಿತ್ರಾಣನಾದನೆಂದರೆ “ಡಾಕ್ಟರ, ಒಂದು ಸಲಾಯಿನ್ ಹಚ್ಚಿಬಿಡ್ರಿ” ಎನ್ನುವ ರೂಢಿಯಿದೆ. ಥಯಾಮಿನ್ ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಉಳಿದ ಅಲ್ಪಸ್ವಲ್ಪವೂ ಖರ್ಚಾಗಿ ರೋಗ ಬಿಗಡಾಯಿಸಬಹುದು. ಆದುದರಿಂದ “ಇವರು ದಿನಾ ಕುಡಿತಾರ್ರಿ” ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕಾಲು ಮುರಿದೋ, ಹರ್ನಿಯಾ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆ ಸೇರಿದವನ ಕುಡಿತವನ್ನು ಮನೆಯವರು ಮುಚ್ಚಿಡುತ್ತಾರೆ. ಮೂರನೆಯ ದಿನ ಅವನು ಸೂಜಿ ಕಿತ್ತೆಸೆದು ಓಡಲು ನೋಡಿದಾಗ ಆಪರೇಷನ್ ಕೆಟ್ಟಿತೆಂದು ಗೋಳಿಡುತ್ತಾರೆ. ನ್ಯಾಯಾಧೀಶರ ಮುಂದೆ ಸುಳ್ಳು ಹೇಳಿದರೆ ಶಿಕ್ಷೆಯಾದೀತು. ವೈದ್ಯನ ಮುಂದೆ ಮುಚ್ಚಿಟ್ಟರೆ ಪ್ರಾಣವೇ ಹೋದೀತು.

ಕುಡಿಯುವವರೆಲ್ಲರೂ ಆಸ್ಪತ್ರೆಯಲ್ಲಿಯೇ ಇರಬೇಕೆಂದು ನಾವು ಹೇಳುತ್ತಿಲ್ಲ. ಅನೇಕರಿಗೆ ವೈದ್ಯರು ಮನೆಯಲ್ಲಿಯೇ ಔಷಧ ಕೊಟ್ಟು ಬಿಡಿಸುತ್ತಾರೆ. ಆದರೆ ಹಿಂದೆ ಮೂರ್ಛೆಯೋ ಸನ್ನಿಯೋ ಆದವರು, ಮಿತಿಮೀರಿ ಕುಡಿಯುವವರು, ಯಕೃತ್ತು, ಹೃದಯ, ಸಕ್ಕರೆಕಾಯಿಲೆ ಇದ್ದವರು, ವಯಸ್ಸಾದವರು, ಸಾಯುವ ಮಾತಾಡುವವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು, ಇವರು ಒಳರೋಗಿಗಳಾಗಿಯೇ ಇರಬೇಕು. ವೈದ್ಯರನ್ನು ಕಾಣುವವರೆಗೆ ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಿ ಬಲವಂತದಿಂದ ನಿಲ್ಲಿಸಲು ಹೋಗಬೇಡಿರಿ. ನಾಳೆಯೆನ್ನದೆ ಕರೆದುಕೊಂಡು ಹೋಗಿರಿ. ನಡುಕ, ಮೂರ್ಛೆ, ಬಡಬಡಿಕೆ ಕಂಡರಂತೂ ಆ ಗಳಿಗೆಯಲ್ಲಿಯೇ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಕೆಲವರು ಸುಲಭದ ದಾರಿ ಹುಡುಕುತ್ತಾರೆ. ಕುಡಿಯುವವರಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿರೆಂದು ಪುಡಿ ಮಾರುವವರಿದ್ದಾರೆ. ಆ ಪುಡಿಯಲ್ಲಿ ಏನಿದೆಯೆಂದು ನಿಮಗೆ ಗೊತ್ತೆ? ಡೈಸಲ್ಫಿರಾಮ್ ಎಂಬ ಔಷಧವೊಂದಿದೆ. ಅದರ ಮೇಲೆ ಮದ್ಯ ಬಿದ್ದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೆ ಎರವಾಗಬಹುದು. ಡೆನ್ಮಾರ್ಕಿನ ವೈದ್ಯರು ೧೯೪೮ರಲ್ಲಿ ಇದನ್ನು ಕುಡಿತದ ಚಿಕಿತ್ಸೆಗೆ ತಂದರು. ರೋಗಿಯು ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರಿನಲ್ಲಿ ತೆಗೆದುಕೊಂಡರೆ ಅದು ಬೇಲಿ. ತಿಳಿಯದೆ ತಿಂದರೆ ಅದೇ ಗುಂಡಿ. ಹೆಂಡತಿ ಬಡಿಸಿದ ಅನ್ನದ ಮೇಲಿನ ನಂಬಿಗೆ ಹೋದರೆ ಆ ಮನೆಯಲ್ಲಿ ಉಳಿಯುವುದೇನು? ತಾಯಂದಿರೆ, ನಿಮ್ಮ ಸಂಕಟ ನಮಗೆ ತಿಳಿಯುತ್ತದೆ. ಆದರೆ ಅನ್ನದಲ್ಲಿ ಏನನ್ನೂ ಗುಟ್ಟಾಗಿ ಬೆರೆಸಬೇಡಿರಿ.

ಹಾಗೆಯೇ, ಹೊಡೆದು ಬಡಿದು ಬಿಡಿಸುತ್ತೇವೆಂದು ಬಾಗಿಲಿಗೆ ಬೀಗ ಹಾಕುವ ಕೇಂದ್ರಗಳ ಬಗ್ಗೆ ಎಚ್ಚರವಿರಲಿ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದಾದ ಸ್ಥಿತಿಯನ್ನೂ ಮಾನಸಿಕ ಅಸ್ವಾಸ್ಥ್ಯದಲ್ಲಿ ಸೇರಿಸಿದೆ. ಅಂಥ ರೋಗಿಯನ್ನು ಯಾವ ರೀತಿಯಿಂದಲೂ ಸಂಕೋಲೆಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿದೆ. ಪ್ರಾಪ್ತವಯಸ್ಕನು ತನ್ನ ಇಚ್ಛೆಯಿಂದ ತಾನೇ ದಾಖಲಾಗಬಹುದು. ನೀವು ಯಾವ ಕೇಂದ್ರಕ್ಕೆ ಹೋದರೂ ಮೂರನ್ನು ಕೇಳಿರಿ: ಇದು ಸರಕಾರದಲ್ಲಿ ನೋಂದಣಿಯಾಗಿದೆಯೆ? ರಾತ್ರಿ ಮೂರ್ಛೆ ಬಂದರೆ ನೋಡುವ ವೈದ್ಯರಿದ್ದಾರೆಯೆ? ನಾವು ಬಂದು ಭೇಟಿಯಾಗಬಹುದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ೨೦೨೨ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ದೂರವಾಣಿಗೆ, ೧೪೪೧೬ಕ್ಕೆ, ಮಾತಾಡಬಹುದು.

ದಾರಿ ಇದ್ದರೂ ನಡೆಯುವವರು ಎಷ್ಟು ಜನ? ಕೇಂದ್ರ ಸರಕಾರವು ೨೦೧೯ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಮದ್ಯಕ್ಕೆ ಅಧೀನರಾದ ೩೮ ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವರು ೧೮೦ ಜನರಲ್ಲಿ ಒಬ್ಬರು. ಉಳಿದ ೧೭೯ ಜನರಿಗೂ ವಾರ್ಡು ಬೇಕೆಂದಲ್ಲ, ಬೇಕಾದವರಿಗೂ ಅದು ಮುಟ್ಟಿಲ್ಲ. ಹಾಸಿಗೆಗಳು ಕಡಿಮೆಯೆಂಬುದು ನಿಜ, ದೂರವೆಂಬುದು ನಿಜ, ಸುಗ್ಗಿಯಲ್ಲಿ ಕೂಲಿ ತಪ್ಪುತ್ತದೆಂಬುದೂ ನಿಜ. ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಲಜ್ಜೆ. “ಹುಚ್ಚರ ಆಸ್ಪತ್ರೆಗೆ ಹೋಗ್ಯಾನಂತ ಗೊತ್ತಾದರ ಮಗಳ ಲಗ್ನ ಹೆಂಗ?” ಎಂದು ಕೇಳುತ್ತಾರೆ. ಕುಡಿದು ಚರಂಡಿಯಲ್ಲಿ ಬಿದ್ದದ್ದು ಊರಿಗೆಲ್ಲ ಗೊತ್ತಿದೆ. ಎದ್ದು ಆಸ್ಪತ್ರೆಗೆ ಹೋದದ್ದು ಮಾತ್ರ ಗುಟ್ಟಾಗಿರಬೇಕಂತೆ! ಬಿದ್ದದ್ದು ಹೊರಗೆ ಕಾಣಬಹುದು, ಎದ್ದದ್ದು ಕಾಣಬಾರದೆ?

ಆಸ್ಪತ್ರೆಯಲ್ಲಿ ಒಂದು ವಾರವಾದ ಮೇಲೆ ನಡುಕ ನಿಲ್ಲುತ್ತದೆ, ಊಟ ಸೇರುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಆಗ ಮನೆಯವರೂ ರೋಗಿಯೂ “ಇನ್ನು ಆರಾಮಾಯಿತು” ಎಂದು ಗಂಟು ಕಟ್ಟುತ್ತಾರೆ. ಹೊಲದ ಕಸ ಕಿತ್ತಮಾತ್ರಕ್ಕೆ ಬೆಳೆ ಬಂದಂತಾಯಿತೆ? ವಿಷವಿಳಿದದ್ದು ಹೊಲ ಹಸನುಮಾಡಿದಂತೆ. ಬಿತ್ತುವುದು ಇನ್ನೂ ಬಾಕಿಯಿದೆ. ಆದುದರಿಂದಲೇ ಅನೇಕ ಕಡೆಗಳಲ್ಲಿ ಇನ್ನೂ ಎರಡು ಮೂರು ವಾರ ಇರಿಸಿಕೊಂಡು, ಯಾವ ಹೊತ್ತಿಗೆ ಆಸೆ ಏಳುತ್ತದೆ, ಯಾರ ಸಂಗಡ ಏಳುತ್ತದೆ, ಎದ್ದಾಗ ಏನು ಮಾಡಬೇಕು ಎಂಬುದನ್ನು ಕಲಿಸುತ್ತಾರೆ. ಹೆಂಡತಿಯನ್ನೂ ತಂದೆತಾಯಿಗಳನ್ನೂ ಕೂಡಿಸಿಕೊಂಡು ಮಾತಾಡುತ್ತಾರೆ. ಆಸೆಯನ್ನು ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳನ್ನು ಬೇಕಾದವರಿಗೆ ಕೊಡುತ್ತಾರೆ. ಹೊರಗೆ ಬಂದವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟಗಳಿವೆ. ೧೯೩೫ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ನೊಂದ ಇಬ್ಬರು ಒಬ್ಬರಿಗೊಬ್ಬರು ಊರುಗೋಲಾದುದರಿಂದ ಹುಟ್ಟಿದ ಸಂಘ ಅದು. ಅವರಲ್ಲೊಬ್ಬರು ಸ್ವತಃ ವೈದ್ಯರು.

ಇಷ್ಟಾದರೂ ಕೆಲವರು ಮತ್ತೆ ಜಾರುತ್ತಾರೆ. ಸಕ್ಕರೆಕಾಯಿಲೆಯವನಿಗೆ ಸಕ್ಕರೆ ಮತ್ತೆ ಏರಿದರೆ ಅವನನ್ನು ಮನೆಯಿಂದ ಹೊರಗೆ ಹಾಕುತ್ತೀರಾ? ವೈದ್ಯರ ಹತ್ತಿರ ಕರೆದೊಯ್ಯುತ್ತೀರಿ. ಇಲ್ಲಿಯೂ ಹಾಗೆಯೇ ಮಾಡಬೇಕು. ಒಮ್ಮೆ ಬಿಟ್ಟವನು ಮತ್ತೆ ಸಹಸಾ ಅತಿಯಾಗಿ ಕುಡಿದರೆ ಧ್ವಂಸಕವೆಂಬ ಕಷ್ಟಸಾಧ್ಯವಾದ ರೋಗ ಬರುತ್ತದೆಂದು ಚರಕನ ಮದಾತ್ಯಯ ಪ್ರಕರಣದಲ್ಲಿಯೇ ಇದೆ. ಇಂದಿನ ವೈದ್ಯರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಬಿಟ್ಟ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ. ಅಫೀಮು, ಹೆರಾಯಿನ್‌ಗಳಲ್ಲಂತೂ ಬಿಟ್ಟು ಬಂದವನು ಹಿಂದಿನಷ್ಟನ್ನೇ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು. ಆದ್ದರಿಂದ ಜಾರಿದವನನ್ನು ಬೈದು ಅಡಗುವಂತೆ ಮಾಡಬೇಡಿರಿ. “ಜಾರಿದೆ” ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಉಳಿಯಲಿ. ಆ ಧೈರ್ಯವೇ ಅವನ ಪ್ರಾಣವನ್ನು ಉಳಿಸುತ್ತದೆ.

ಹಾಗಾದರೆ ಮಠದ ಕೆಲಸವೇನು, ಆಣೆಗೆ ಬೆಲೆಯಿಲ್ಲವೆ ಎಂದು ಕೇಳಬಹುದು. ಬಹಳ ಬೆಲೆಯಿದೆ. ಇಳಕಲ್ಲಿನ ಪೂಜ್ಯ ಮಹಾಂತಸ್ವಾಮಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳುಕಡಿಯ ಬದಲು ದುಶ್ಚಟಗಳ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ನಮ್ಮ ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆ ಬರಿದಾಗಬಾರದು. ಚಟ ಇನ್ನೂ ಮೈಗೆ ಹತ್ತದವನು, ಆಗೀಗ ಕುಡಿಯುವವನು, ಇಂದೇ ಅದನ್ನು ಜೋಳಿಗೆಗೆ ಹಾಕಲಿ. ಮೈಗೆ ಹತ್ತಿದವನು ವೈದ್ಯರ ಕೈಯಲ್ಲಿ ಬಿಡಿಸಿಕೊಂಡು ಬಂದು ಹಾಕಲಿ. ಸಂಕಲ್ಪ ಮನಸ್ಸಿನದು, ನಡುಕ ಮೈಯದು. ಮೈಯ ನಡುಕ ನಿಂತ ಮೇಲೆ ಮನಸ್ಸಿನ ಸಂಕಲ್ಪಕ್ಕೆ ನೆಲೆ ದೊರೆಯುತ್ತದೆ. ಕಾಯವನ್ನು ದೇಗುಲವೆಂದು ಬಗೆದ ಶರಣರ ನಡುವೆ ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡ ವೈದ್ಯಸಂಗಣ್ಣನಿದ್ದನು. ಹೆಂಡ ಮಾರುತ್ತಿದ್ದ ಮಾರಯ್ಯನಿಗೂ ಆ ಸಾಲಿನಲ್ಲಿ ಎಡೆ ದೊರೆಯಿತು. ಮಾರಿದವನಿಗೆ ಎಡೆಯಿದ್ದ ಮೇಲೆ ಕುಡಿದು ಕೆಟ್ಟು ಗುಣವಾಗಿ ಬಂದವನಿಗೆ ಪಂಕ್ತಿಯಲ್ಲಿ ಎಡೆಯಿಲ್ಲವೆ?

ಊರಿನ ಹಿರಿಯರಿಗೆ ನಮ್ಮದೊಂದು ಅಪ್ಪಣೆಯಿದೆ. ಆಸ್ಪತ್ರೆಯಿಂದ ಬಂದವನನ್ನು ಕಟ್ಟೆಯ ಮೇಲೆ ಕೂಡಿಸಿ “ಏನಪಾ, ಎಷ್ಟು ದಿನ ಬಿಡ್ತಿ ನೋಡೋಣು” ಎಂದು ನಗಬೇಡಿರಿ. ಮದುವೆ ಜಾತ್ರೆಗಳಲ್ಲಿ “ಒಂದ ಗುಟುಕು” ಎಂದು ಒತ್ತಾಯ ಮಾಡಬೇಡಿರಿ. ಆ ಒಂದು ಗುಟುಕು ಅವನ ಮಕ್ಕಳ ತುತ್ತನ್ನು ಕಸಿದೀತು. ಅವನಿಗೆ ಕೆಲಸ ಕೊಡಿರಿ, ಸಂಜೆಯ ಹೊತ್ತಿನಲ್ಲಿ ಭಜನೆಗೆ ಕರೆಯಿರಿ, ಔಷಧದ ದಿನ ತಪ್ಪದಂತೆ ನೆನಪು ಮಾಡಿರಿ. ಬಸ್ಸಿನ ಖರ್ಚಿಲ್ಲದವರು, ಜೊತೆಗೆ ಹೋಗುವವರಿಲ್ಲದವರು ಮಠಕ್ಕೆ ತಿಳಿಸಿರಿ. ಆಸ್ಪತ್ರೆಗೆ ಕರೆದೊಯ್ಯುವುದೂ ಶಿವಪೂಜೆಯೇ ಎಂದು ನಾವು ತಿಳಿದಿದ್ದೇವೆ.

ಈ ಶ್ರಾವಣದಲ್ಲಿ ನಿಮ್ಮ ನಿಮ್ಮ ಮನೆಗಳಲ್ಲಿ ಕೈ ನಡುಗುವವರಿದ್ದರೆ ಆ ಕೈಯನ್ನು ಬಿಡದೆ ಹಿಡಿದು ಸಕಾಲದಲ್ಲಿ ವೈದ್ಯರ ಬಳಿಗೆ ಮುಟ್ಟಿಸಿರಿ. ಮನೆಯ ದೀಪ ಆರದಿರಲಿ, ಮಕ್ಕಳ ಪಾಟಿಚೀಲ ಮೂಲೆ ಸೇರದಿರಲಿ, ಬಿದ್ದವರು ಎದ್ದು ಕಾಯಕಕ್ಕೆ ತೊಡಗಲಿ ಎಂದು ಹಾರೈಸಿ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.